ಧೋಂಡಿ ತಿಂಗಳ ಟಿವಿ

"ಅಳಿಯ ಇವ್ರು ನೋಡ್ರಿ," ಅಂತ ಶಿವರಾಜಪ್ಪ ವೈಜಿನಾಥನ ಹೆಗಲ ಮೇಲೆ ಕೈ ಇಟ್ಟರು. ಆಮೇಲೆ ಮಡೆಪ್ಪನ ಕಡೆ ಗದ್ದ ಎತ್ತಿ, "ಅವ ಅಲ್ಲ. ಅವ ಮನ್ಯಾಗಿನ ಮನಷಾ. ಡಬ್ಬಿ ಹೊರ್ಲಾಕ ಬಂದಾನ," ಅಂದರು.

ಬೀದರಿನ ಟಿವಿ ಅಂಗಡಿ, ಮಟಮಟ ಮಧ್ಯಾಹ್ನ. ಫ್ರಿಜ್ ನೋಡಲು ಬಂದ ಒಂದು ಸಂಸಾರ, ಮಿಕ್ಸರ್ ರಿಪೇರಿಗೆ ತಂದ ಮುದುಕ, ತಣ್ಣಗಿನ ಗಾಳಿಗೆಂದೇ ಒಳಗೆ ಹೊಕ್ಕು ನಿಂತ ಕಾಲೇಜು ಹುಡುಗರು, ಎಲ್ಲರಿಗೂ ಕೇಳಿಸಿತು. ಫ್ರಿಜ್ಜಿನ ಬಾಗಿಲು ಹಿಡಿದು ನಿಂತಿದ್ದ ಹೆಂಗಸು ಸೆರಗು ಬಾಯಿಗೆ ಒತ್ತಿಕೊಂಡು ಆ ಕಡೆ ತಿರುಗಿದಳು. ಮುಖ ತಿರುಗಿಸಿದರೆ ನಗು ಕಾಣುವುದಿಲ್ಲ ಅಂತ ಯಾರು ಹೇಳಿದರೋ, ಬೆನ್ನು ಕುಣಿಯುತ್ತಿತ್ತು.

ಅಂಗಡಿಯ ಸಲಾವೋದ್ದೀನ ಕೇಳಿದ್ದು ಇಷ್ಟೇ: "ಧೋಂಡಿಗಿ ಟಿವಿ ಅಂತೀರಿ, ಜಮಾಯಿ ಸಾಬ ಯಾರ್ರಿ ಇವರೊಳಗ?" ಶಿವರಾಜಪ್ಪಗೆ ಅಳಿಯಂದಿರು ಇಬ್ಬರು ಅಂತ ಅವನಿಗೇನು ಗೊತ್ತು? ದೊಡ್ಡ ಮಗಳು ಮಹಾನಂದಾಳ ಗಂಡ ವೈಜಿನಾಥ ಬೀದರಿನ ಒಂದು ಕಾಲೇಜಿನಲ್ಲಿ ಗುಮಾಸ್ತ. ಇಸ್ತ್ರಿ ಅಂಗಿ, ಕಿಸೆಯಲ್ಲಿ ಪೆನ್ನು. ಸಣ್ಣ ಮಗಳು ಶಿವಕಾಂತಾಳ ಗಂಡ ಮಡೆಪ್ಪ ಔರಾದ ಕಡೆ ಡಾಬಕಾದವನು, ಎಂಟನೇ ಇಯತ್ತೆಯಲ್ಲಿ ಅರ್ಧಕ್ಕೆ ಸಾಲಿ ಬಿಟ್ಟವನು. ಹೋದ ಬೇಸಗೆಯಲ್ಲಿ ಡಾಬಕಾದ ಬಾವಿ ತಳ ಕಂಡಾಗ, "ಮಳಿ ಆಗೋತನಕ ಭಾಲ್ಕಿಗಿ ಬಾ, ನಮ್ಮ ಗಿರಣಿ ನೋಡ್ಕೋ" ಅಂತ ಕರೆದವರು ಇದೇ ಮಾವ. ಮಳೆ ಆಗಲಿಲ್ಲ. ಮಡೆಪ್ಪ ಹಿಟ್ಟಿನ ಗಿರಣಿಯಲ್ಲೇ ಉಳಿದ. ಈ ವರ್ಷ ಮುಂಗಾರಿನ ಮಿರಗದ ಮಳೆಯೂ ಒಂದು ಹನಿ ಇಲ್ಲದೆ ದಾಟಿಹೋಗಿತ್ತು.

ಮೂರು ವರ್ಷಕ್ಕೊಮ್ಮೆ ಬರುವ ಅಧಿಕ ಮಾಸಕ್ಕೆ ಈ ಕಡೆ ಧೋಂಡಿ ತಿಂಗಳು ಅಂತಾರೆ. ಅಳಿಯನನ್ನು ಕರೆಸಿ, ಹೊಸ್ತಿಲಲ್ಲಿ ಕಾಲು ತೊಳೆದು, ಮಣೆಯ ಮೇಲೆ ಕೂಡಿಸಿ, ಹೂರಣದ ಹೋಳಿಗೆ ಉಣಿಸಿ, ಕೈಗೊಂದು ವಸ್ತು ಕೊಡುವ ತಿಂಗಳು. ಹೋದ ಸಲ ವೈಜಿನಾಥಗೆ ದೀಪ ಹಚ್ಚುವ ಬೆಳ್ಳಿ ಸಮೆ ಕೊಟ್ಟಿದ್ದರು. "ದೀಪ ಹಚ್ಚಿ ನೋಡ್ಕೋತ ಕೂಡ್ಲೇನು?" ಅಂತ ಅವನು ಮೂರು ವರ್ಷ ಗೊಣಗಿದ್ದ. ಅದಕ್ಕೇ ಈ ಸಲ ಟಿವಿ. ಮಾಡೆಲ್ಲು ಅವನೇ ಆರಿಸಬೇಕು.

ಗೋಡೆ ತುಂಬ ಒಂದೇ ಕಂಪನಿಯ ಟಿವಿಗಳು. ಎಲ್ಲದರಲ್ಲೂ ಒಂದೇ ಕೆಂಪು ಮೀನು ಈಜುತ್ತಿತ್ತು.

"ಇದು ಮೂವತ್ತೆರಡು ಇಂಚ, ಎಚ್‌ಡಿ ರೆಡಿ," ಅಂದ ಸಲಾವೋದ್ದೀನ. "ಬಾಜೂಕಿಂದು ಅದೇ ಮೂವತ್ತೆರಡು, ಖರೇ ಫುಲ್ ಎಚ್‌ಡಿ. ಮ್ಯಾಲಿಂದು ನಲವತ್ತು, ಅದೂ ಫುಲ್. ಮೂಲ್ಯಾಗಿಂದು ಸ್ಮಾರ್ಟ್, ಇಂಟರ್‌ನೆಟ್ ಹಿಡೀತದ."

"ರೆಡಿಗೂ ಫುಲ್ಲಿಗೂ ಫರಕ ಏನ್ರಿ?"

"ಚುಕ್ಕಿ ಸಾಬ. ಫುಲ್ಲಿನಾಗ ಚುಕ್ಕಿ ಹೆಚ್ಚು, ಚಿತ್ರ ಸಾಫ ಬರ್ತದ."

ವೈಜಿನಾಥ ಕನ್ನಡಕ ಒರೆಸಿಕೊಂಡು ಒಂದೊಂದು ಟಿವಿಗೂ ಮೂಗು ಹಚ್ಚಿದ. ಹಿಂದೆ ಸರಿದ. ಎಡಕ್ಕೆ ಹೋಗಿ ನೋಡಿದ, ಬಲಕ್ಕೆ ಹೋಗಿ ನೋಡಿದ. "ಹೌದು ಮಾವಾರ. ರೆಡಿಯೊಳಗ ಮೀನಿನ ಕಣ್ಣಷ್ಟೇ ಕಾಣ್ತದ. ಫುಲ್ಲಿನಾಗ ರೆಪ್ಪಿ ಸುದ್ದಾ ಕಾಣ್ತದ."

"ಮೀನಿಗಿ ರೆಪ್ಪಿ ಇರಂಗಿಲ್ರಿ ಅಣ್ಣಾರ," ಅಂದ ಮಡೆಪ್ಪ.

"ನಿನಗ ಯಾರು ಕೇಳ್ಯಾರ?" ಅಂದರು ಮಾವ.

ಗಂಟೆಗಟ್ಟಲೆ ಮೀನು ನೋಡಿದ್ದಾಯಿತು. ಕೊನೆಗೆ ವೈಜಿನಾಥ ಕಂಪನಿಯ ಬಣ್ಣದ ಪುಸ್ತಕ ಕೇಳಿ ಇಸಕೊಂಡು, "ವಿಚಾರ ಮಾಡಿ ಹೇಳ್ತೇನಿ," ಅಂದ. ಡಬ್ಬಿ ಹೊರಲು ಬಂದವನು ಖಾಲಿ ಕೈಯಲ್ಲಿ ಭಾಲ್ಕಿ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಮಾವ ಬಾಜೂಕೇ ಕುಂತು ನಿದ್ದೆ ಮಾಡಿದರು. ಬಾಯಿ ತೆರೆದಿತ್ತು. ಅದರೊಳಗೆ ಒಂದು ಹಿಡಿ ಹೊಟ್ಟು ತುಂಬಬೇಕು ಅನಿಸಿತು ಮಡೆಪ್ಪನಿಗೆ.

ಅವತ್ತು ರಾತ್ರಿ ಊಟಕ್ಕೆ ರೊಟ್ಟಿ, ಪುಂಡಿ ಪಲ್ಯ, ಸಾರು. ನೀರಿನ ಟ್ಯಾಂಕರ್ ಬಂದಿರಲಿಲ್ಲ, ಎಲ್ಲರೂ ಒಂದೇ ಬೋಗುಣಿಯಲ್ಲಿ ಕೈ ಅದ್ದಿ ಕುಂತರು. ಶಿವರಾಜಪ್ಪನ ತಾಯಿ, ಮನೆಯವರಿಗೆಲ್ಲ ಆಯಿ, ರೊಟ್ಟಿ ಮುರಿದು ಸಾರಿನಲ್ಲಿ ನೆನೆಹಾಕುತ್ತ ಮಾತು ತೆಗೆದಳು.

"ಶಿವಕಾಂತಾನ ಗಂಡಂದು ಇದು ಮೊದಲನೇ ಧೋಂಡಿ. ಮೊದಲನೇದು ದೊಡ್ಡದು. ನೀವು ಉಲ್ಟಾ ಮಾಡ್ಲಾಕತ್ತೀರಿ."

"ಮನ್ಯಾಗ ಇದ್ದವನಿಗಿ ಎಲ್ಲಿಂದ ಕರಿಯೋದ್ರಿ ಅತ್ತಿ?" ಅಂದಳು ಗುಂಡಮ್ಮ, ಶಿವರಾಜಪ್ಪನ ಹೆಂಡತಿ. "ಗಿರಣಿಯಿಂದ ಕರಿಲೇನು? ಕಾಲ ತೊಳಿಬೇಕಂದ್ರ ಮೊದಲ ಹಿಟ್ಟ ಜಾಡಸಬೇಕು."

"ಅಲ್ಲದ ನಾವು ಬಸವಣ್ಣನ ಮಂದಿ," ಅಂತ ಶಿವರಾಜಪ್ಪ ದನಿ ಗಂಭೀರ ಮಾಡಿದರು. "ನಮಗ ಅಧಿಕ ಮಾಸ ಏನು, ಕಮ್ಮಿ ಮಾಸ ಏನು."

"ದೊಡ್ಡವಗ ಟಿವಿ ಕೊಡೋ ಮುಂದ ಬಸವಣ್ಣ ನೆನಪಾಗಲಿಲ್ಲ. ಸಣ್ಣವಗ ಮಣಿ ಹಾಕೋ ಮುಂದ ನೆನಪಾದ?" ಅಂದಳು ಆಯಿ. "ನಿನ್ನ ಬಸವಣ್ಣ ಯಾವಾಗಲೂ ಸಣ್ಣವನ ಪಾಳಿ ಬಂದಾಗೇ ಬರ್ತಾನ ನೋಡು."

ಶಿವಕಾಂತಾ ಒಲೆಯ ಮುಂದೆ ಬಗ್ಗಿ ನಕ್ಕಳು. ಶಿವರಾಜಪ್ಪ ತಾಟು ಸರಿಸಿದರು. ಗದ್ದಲ ಬಹಳ ಹೊತ್ತು ನಡೆಯಿತು. ಕಡೆಗೆ ದಾರಿ ತೆಗೆದವಳೂ ಆಯಿಯೇ. ಮನೆಯಲ್ಲಿದ್ದವನು ಬೀಗನಾಗುವುದು, ನೆಂಟನಾಗುವುದು ಹ್ಯಾಗೆ? ಹೊರಗೆ ಹೋಗಿ ಬರಬೇಕು. ಹಿಂದಿನ ದಿನ ಡಾಬಕಾಕ್ಕೆ ಹೋಗಲಿ, ಒಂದು ರಾತ್ರಿ ತಾಯಿಯ ಮನೆಯಲ್ಲಿ ಮಲಗಲಿ, ಮರುದಿನ ಬಸ್ಸಿಗೆ ಬೀಗನ ಹಾಗೆ ಬರಲಿ. ಹೊಸ್ತಿಲಲ್ಲಿ ನೀರು, ಆರತಿ, ಒಳಗೆ ಎರಡು ಮಣೆ, ಇಬ್ಬರೂ ಅಳಿಯಂದಿರು ಬಾಜೂಕ ಬಾಜೂಕ.

"ಗಿರಣಿ ಎರಡ ದಿನ ಬಂದ್ ಬೀಳ್ತದ," ಅಂದರು ಶಿವರಾಜಪ್ಪ.

"ನೀನೇ ಬೀಸು. ನಿನ್ನ ಕೈಯೇನು ಸವೀತಾವ?"

ಗುಂಡಮ್ಮನೂ ಲೆಕ್ಕ ಹಾಕಿ ತಲೆಯಾಡಿಸಿದಳು. ಮಣೆಯೊಂದು ಹೆಚ್ಚು ಹಾಕಿದರೆ ಯಾರ ಗಂಟು ಹೋಗುತ್ತದೆ.

ಮರುದಿನ ಶಿವಕಾಂತಾ ಗಿರಣಿಗೆ ಚಹಾ ತಂದಳು. ಮಡೆಪ್ಪ ಗಿರಣಿಯ ಬೆಲ್ಟು ಬಿಚ್ಚಿ, ಹುಬ್ಬಿನ ತನಕ ಬೆಳ್ಳಗಾಗಿ ಕುಂತಿದ್ದ.

"ನಮ್ಮ ಮನಿಂದ ನಮ್ಮ ಮನಿಗಿ ಬರ್ಲಾಕ ನಾ ಔರಾದ ದಾಟಿ ಹೋಗಿ ಬರಬೇಕು. ಇದ್ಯಾವ ಆಟ ಇದು?"

"ಆಯಿ ಇಷ್ಟಾರ ಮಾಡ್ಯಾಳಲ್ರಿ. ಹೋಗಿ ಬರ್ರಿ."

"ಹೋಗ್ತೇನಿ. ಕೇಳು, ನನಗ ಟಿವಿ ಬ್ಯಾಡ. ಅಂಗಿ ಬಟ್ಟಿ ಬ್ಯಾಡ. ಟಿವಿ ಅಂಗಡ್ಯಾಗ ನಾಕ ಮಂದಿ ಮುಂದ ಹಮಾಲ ಮಾಡ್ಯಾರ. ಇಲ್ಲಿ ನಾಕ ಮಂದಿ ಮುಂದ ಮಣಿ ಮ್ಯಾಲ ಕೂಡಸ್ಲಿ, ಸಾಕು. ಕೂಡಿಸಿದ್ರ ಮಳಿ ಬರೋತನಕ ಬಾಯಿ ಮುಚ್ಚಿ ಈ ಹಿಟ್ಟ ತಿಂತೇನಿ. ಇಲ್ಲಂದ್ರ ನಮ್ಮ ಮಾಣಿಕಣ್ಣನ ಸಂಗಡ ಹೈದ್ರಾಬಾದಿಗಿ ಹೋಗ್ತೇನಿ. ಅಲ್ಲಿ ಗಾರಿ ಕಲಸ್ತೇನಿ. ಹೊರೋದೇ ಇದ್ರ ಪಗಾರ ತಗೊಂಡು ಹೊರ್ತೇನಿ."

ಶಿವಕಾಂತಾ ಕಪ್ಪು ಇಸಕೊಂಡು ಸೆರಗಿನಿಂದ ಒರೆಸಿದಳು. "ಹೋಗೋ ಹೊತ್ತು ಬಂದ್ರ ಬೈದಾಡಬ್ಯಾಡ್ರಿ. ನೀವು ಬಾಯಿ ಬಿಟ್ರ ತಪ್ಪೆಲ್ಲ ನಿಮ್ಮ ತಲಿ ಮ್ಯಾಲ ಬರ್ತದ. ಸುಮ್ಮ ಎದ್ದು ಹೋಗ್ರಿ. ನಾ ಹಿಂದಿಂದ ಬರ್ತೇನಿ."

"ನೀನೂ?"

"ಮತ್ತ? ನಾ ಇಲ್ಲಿ ಮೀನ ನೋಡ್ಕೋತ ಕೂಡ್ಲೇನು?"

ಆಮೇಲಿನ ವಾರಗಳೆಲ್ಲ ವೈಜಿನಾಥನ ಫೋನಿನಲ್ಲೇ ಹೋದವು. ಅವನಿಗೆ ಅಂಗಡಿ ಇರುವುದು ಮನೆಯಿಂದ ಕೂಗಳತೆಯಲ್ಲಿ. ಆದರೆ ತಾನು ಮೇಲಿಂದ ಮೇಲೆ ಹೋದರೆ ಮಂದಿ ಆಸೆಬುರುಕ ಅಂದಾರು. ಮಡೆಪ್ಪ ಹೋದರೆ ಏನೂ ಇಲ್ಲ. ಗಿರಣಿಯ ಬೆಲ್ಟು ತರಲು, ಮೋಟರ್ ತೋರಿಸಲು ಬೀದರಿಗೆ ಹೋದಾಗೆಲ್ಲ ಮಡೆಪ್ಪ ಅಂಗಡಿ ಹೊಕ್ಕು ಫೋನು ಹಚ್ಚಬೇಕು.

"ಮಡೆಪ್ಪ, ನಲವತ್ತು ಇಂಚಿಂದು ಹಿಂದ ಹೊಳ್ಳಿಸಿ ನೋಡು. ಎಚ್‌ಡಿಎಂಐ ತೂತು ಎಷ್ಟವ?"

"ಎರಡ ಅವರಿ."

"ಮೂವತ್ತೆರಡು ಫುಲ್ಲಿಂದಕ್ಕ?"

"ಅದಕ್ಕೂ ಎರಡೇ."

"ಹಂಗಾದ್ರ ನಲವತ್ತರಾಗ ಏನ ಹೆಚ್ಚಾತು? ಸ್ಪೀಕರ್ ಎಷ್ಟ ವ್ಯಾಟ್ ಕೇಳು. ಯಾವ ಬಾಜೂಕ ಕುಂತು ನೋಡಿದ್ರೂ ಬಣ್ಣ ಹಂಗೇ ಇರ್ತದೇನು, ಕೇಳು. ಸ್ವಲ್ಪ ಕುಕ್ಕರಗಾಲಿಲೆ ಕುಂತು ನೋಡಿ ಹೇಳು."

ಮಡೆಪ್ಪ ಗಿರಾಕಿಗಳ ನಡುವೆ ಕುಕ್ಕರಗಾಲಿನಲ್ಲಿ ಕುಂತು ಮೀನು ನೋಡಿದ. ಸಲಾವೋದ್ದೀನ ಟೇಬಲ್ಲಿನ ಮೇಲೆ ತಲೆ ಇಟ್ಟ. "ಭಾಯಿ, ಟಿವಿ ಕೊಳ್ಳೋದದನೋ, ಹೆಣ್ಣ ನೋಡೋದದನೋ? ಹೊಳ್ಳಸಂತಾರ, ಮಾತಾಡಸಂತಾರ, ಬಾಜೂಕಿಂದ ನೋಡಂತಾರ. ಇನ್ನ ಹಾಡಸೋದೊಂದು ಉಳದದ."

ಒಂದು ವಾರ ಸ್ಮಾರ್ಟ್ ಬೇಕಾಯಿತು. ಮುಂದಿನ ವಾರ ಇಂಟರ್‌ನೆಟ್ಟು ಮಕ್ಕಳನ್ನು ಕೆಡಿಸುತ್ತದೆ ಅಂತ ಬ್ಯಾಡಾಯಿತು. ಮತ್ತೊಮ್ಮೆ ರೆಡಿಯೇ ಸಾಕು, ಆದರೆ ನಲವತ್ತರಲ್ಲಿ ಬೇಕು ಅಂದ. ಆ ಸೈಜಿನಲ್ಲಿ ಕಂಪನಿ ರೆಡಿ ಮಾಡುವುದಿಲ್ಲ ಅಂದಾಗ, ಕಂಪನಿಗೆ ತಾನೇ ಒಂದು ಕಾಗದ ಬರೆಯುತ್ತೇನೆ ಅಂದ. ಭಾಲ್ಕಿಯಲ್ಲಿ ಮಾವ ಇದನ್ನೆಲ್ಲ ಊಟದ ಹೊತ್ತಿಗೆ ಅಕ್ಕರೆಯಿಂದ ಕೇಳುವರು. "ನೋಡು, ಓದಿದವರು ಹ್ಯಾಂಗ ಚೌಕಶಿ ಮಾಡ್ತಾರ. ನಿನ್ನಂಗ ಕಣ್ಣ ಮುಚ್ಚಿ ತಗೋತಾರೇನು?"

"ಅವರ ಮನಿ ಕೇಬಲ್ಲಿನಾಗ ಎಚ್‌ಡಿ ಬರಂಗೇ ಇಲ್ರಿ," ಅಂದ ಮಡೆಪ್ಪ. "ಹಳೇ ಚಾನಲ್ಲೇ ಬರೋದು. ಆ ಮೀನು ಅಂಗಡ್ಯಾಗೇ ಉಳೀತದ."

"ಹೊಟ್ಟಿಕಿಚ್ಚು," ಅಂದಳು ಗುಂಡಮ್ಮ, ಅವನ ತಾಟಿಗೆ ರೊಟ್ಟಿ ಎಸೆದಂತೆ ಹಾಕಿ.

ಕಡೆಗೆ ನಲವತ್ತು ಇಂಚಿನ ಫುಲ್ ಎಚ್‌ಡಿಯೇ ಗಟ್ಟಿಯಾಯಿತು. ಮೊದಲನೇ ದಿನ ಮಡೆಪ್ಪ ಬೆರಳು ಮಾಡಿ ತೋರಿಸಿದ್ದೂ ಅದನ್ನೇ ಇರಬೇಕು, ಯಾರು ನೋಡಿದ್ದರು.

ಡಾಬಕಾದಲ್ಲಿ ಬಸ್ಸು ಇಳಿದಾಗ ಊರು ಅರ್ಧ ಖಾಲಿಯಾಗಿತ್ತು. ಬೀಗ ಬಿದ್ದ ಬಾಗಿಲುಗಳ ಮುಂದೆ ನಾಯಿಗಳು ಮಲಗಿದ್ದವು. ಅಣ್ಣ ಮಾಣಿಕ ಅಂಗಳದಲ್ಲಿ ಹಾಸಿಗೆ ಸುತ್ತಿ ಹಗ್ಗ ಬಿಗಿಯುತ್ತಿದ್ದ. ತಾಯಿಯನ್ನೂ ಕರೆದುಕೊಂಡು ಹೈದ್ರಾಬಾದಿಗೆ ಹೊರಟವನು.

"ಬಂದ್ಯಾ ಬೀಗಾ," ಅಂದ. "ಒಂದ ರಾತ್ರಿಗಿ ಬಂದ್ಯಂತಲ್ಲ. ನಿಮ್ಮ ಮಾವ ಪಾಸ್ ಬರದು ಕೊಟ್ಟಾನೇನು?"

"ಸುಮ್ಮ ಕೂಡಣ್ಣ. ಮೊದಲೇ ತಲಿ ಕೆಟ್ಟದ."

"ಕೆಟ್ಟರ ನಮ್ಮ ಸಂಗಡ ಬಾ. ಮೇಸ್ತ್ರಿ ಇನ್ನೂ ಇಬ್ಬರ ಬೇಕಂತಾನ. ನಾಳಿ ಸಂಜೀಗಿ ಬೀದರದಿಂದ ಗಾಡಿ."

ತಾಯಿಯ ಕಿವಿಗೆ ಮಾತ್ರ ಈ ಜಗಳ ಯಾವುದೂ ಬಿದ್ದಿರಲಿಲ್ಲ. ಮಗನಿಗೆ ಧೋಂಡಿಗೆ ಕರೆ ಬಂದಿದೆ, ಅಷ್ಟೇ ಅವಳಿಗೆ ಗೊತ್ತು. ಓಣಿಯ ಶೇವಂತಾಬಾಯಿಗೆ, ಉಳಿದಿದ್ದ ಇನ್ನಿಬ್ಬರು ಮುದುಕಿಯರಿಗೆ ಆಗಲೇ ಹೇಳಿಬಂದಿದ್ದಳು. ಬೆಳಗ್ಗೆ ಎದ್ದು ನೋಡಿದರೆ ಬಚ್ಚಲಲ್ಲಿ ಒಂದು ತುಂಬಿದ ಬಕೆಟ್ಟು ಇಟ್ಟಿದ್ದಳು. ಎಲ್ಲಿಂದ ಹೊತ್ತು ತಂದಿದ್ದಳೋ.

"ಇಷ್ಟ ಯಾಕವ್ವ? ನಿಮಗ ದಾರಿಗಿ ಬೇಕಲ್ಲ."

"ಅಳಿಯ ಆಗಿ ಹೊಂಟೀದಿ. ಹೊಲಸ ಮೈಲೆ ಮಣಿ ಮ್ಯಾಲ ಕೂಡ್ತಿಯೇನು? ತಲಿ ಮ್ಯಾಲ ಸುರಕೋ. ಮತ್ತ ಕೇಳು, ಬಲಗಾಲ ಮುಂದ ಇಡು. ಅತ್ತಿ ನೀರ ಹಾಕೋ ಮುಂದ ಎಮ್ಮಿಯಂಗ ಕಾಲ ಝಾಡಸಬ್ಯಾಡ."

ಮಡೆಪ್ಪ ಅವತ್ತು ಆ ವರ್ಷದಲ್ಲಿ ಮೊದಲ ಸಲ ಮನದಣಿ ಜಳಕ ಮಾಡಿದ. ಮಾಣಿಕನ ಬಿಳಿ ಅಂಗಿ ತೊಟ್ಟ. ಬಸ್ಸಿಗೆ ನಿಂತಿದ್ದಾಗ ಮಾವನ ಫೋನು ಬಂತು.

"ಹೆಂಗಿದ್ರೂ ಬೀದರ ಮ್ಯಾಲೇ ಬರ್ತಿ. ಟಿವಿ ಡಬ್ಬಿ ಎತ್ಕೊಂಡು ಬಾ. ಅಡ್ಡ ಮಲಗಸಬ್ಯಾಡ, ನೆಟ್ಟಗ ಹಿಡ್ಕೋ. ಗಾಜ ಅದ."

ಸಲಾವೋದ್ದೀನ ಡಬ್ಬಿಗೆ ಹಗ್ಗ ಸುತ್ತುತ್ತ ಕೇಳಿದ: "ಆ ಸಾಬರ ಮನಿ ಇದೇ ಊರಾಗ ಅದ ಅಲ್ಲ? ನಾನೇ ಮುಟ್ಟಸ್ತೇನಿ ಅಂದೆ, ಬ್ಯಾಡ ಅಂದ್ರು."

"ಭಾಲ್ಕ್ಯಾಗ ಮಣಿ ಮ್ಯಾಲ ಕೂಡಿಸಿ ಕೈಯಾಗ ಕೊಡಬೇಕಂತ."

"ಆಮ್ಯಾಲ?"

"ಆಮ್ಯಾಲ ಮತ್ತ ಬೀದರಿಗಿ."

ಸಲಾವೋದ್ದೀನ ಮಡೆಪ್ಪನ ಮುಖ ನೋಡಿದ. ಹಗ್ಗಕ್ಕೆ ಇನ್ನೊಂದು ಗಂಟು ಹಾಕಿದ.

ಬಸ್ಸಿನಲ್ಲಿ ಮಡೆಪ್ಪ ನಿಂತೇ ಬಂದ. ಡಬ್ಬಿ ಸೀಟಿನ ಮೇಲೆ ನೆಟ್ಟಗೆ ಕುಂತಿತ್ತು. ಕಂಡಕ್ಟರ್ ಅದಕ್ಕೂ ಟಿಕೆಟ್ ಹರಿದ. "ಟಿವಿ ಕುಂತದ, ಮಾಲಕ ನಿಂತಾನ," ಅಂತ ಹಿಂದಿನವರು ಯಾರೋ ನಕ್ಕರು. "ಮಾಲಕ ಅಲ್ಲೋ, ಅಳಿಯ ಇದ್ದೀನಿ" ಅನ್ನಬೇಕೆಂದುಕೊಂಡ ಮಡೆಪ್ಪ, ಡಬ್ಬಿ ವಾಲದಂತೆ ಹಗ್ಗ ಬಿಗಿ ಹಿಡಿದ.

ಭಾಲ್ಕಿಯಲ್ಲಿ ಇಳಿದು, ಡಬ್ಬಿ ತಲೆಯ ಮೇಲೆ ಹೊತ್ತು ಓಣಿ ಹೊಕ್ಕಾಗ ಮನೆಯ ಮುಂದೆ ಮಂದಿ ನೆರೆದಿದ್ದರು. ಬಾಜೂಕ ಮನೆಯ ಶಾಲುಬಾಯಿ, ಎದುರಿನ ಟೇಲರ್ ಮಕ್ಬೂಲ, ಇನ್ನೂ ಯಾರ್ಯಾರೋ. "ಬಂತು, ಬಂತು!" ಅಂದಳು ಶಾಲುಬಾಯಿ. ಬಂದ ಅನ್ನಲಿಲ್ಲ.

ಹೊಸ್ತಿಲಲ್ಲಿ ಗುಂಡಮ್ಮ ನಿಂತಿದ್ದಳು. ಒಂದು ಕೈಯಲ್ಲಿ ತಂಬಿಗೆ, ಇನ್ನೊಂದರಲ್ಲಿ ಆರತಿ ತಟ್ಟೆ. ಮಡೆಪ್ಪ ಡಬ್ಬಿ ಕೆಳಗಿಟ್ಟ. ಚಪ್ಪಲಿ ಬಿಟ್ಟ. ಬಲಗಾಲು ಮುಂದೆ ಇಟ್ಟು, ತಲೆ ಬಗ್ಗಿಸಿ ನಿಂತ. ಕುತ್ತಿಗೆಯಿಂದ ಬೆವರು ಮಾಣಿಕನ ಅಂಗಿಯೊಳಗೆ ಇಳಿಯುತ್ತಿತ್ತು.

ಗುಂಡಮ್ಮ ಬಗ್ಗಿ ಡಬ್ಬಿಗೆ ಕುಂಕುಮ ಹಚ್ಚಿದಳು. ಎರಡು ಅಕ್ಕಿ ಕಾಳು ಉದುರಿಸಿ ಆರತಿ ಎತ್ತಿದಳು.

"ಸರಿ, ಒಳಗ ಒಯ್ಯಿ. ದಾರ್ಯಾಗ ನಿಂದ್ರಬ್ಯಾಡ, ಅವರು ಎಷ್ಟೊತ್ತಿನಿಂದ ಕಾಯ್ಲಾಕತ್ತಾರ."

"ಅತ್ತಿ, ನೀರು…"

"ಇವತ್ತೂ ಟ್ಯಾಂಕರ್ ಬಂದಿಲ್ಲಪ್ಪ. ಮನ್ಯಾಗಿನವನಿಗಿ ಏನ ಕಾಲ ತೊಳಿಯೋದು," ಅಂತ ಒಳಗೆ ಹೋಗಿ ತಂಬಿಗೆಯ ನೀರನ್ನು ಕೊಡಕ್ಕೆ ಸುರಿದಳು.

ಮಡೆಪ್ಪ ಡಬ್ಬಿ ಎತ್ತಿ ಪಡಸಾಲೆಗೆ ತಂದ. ಸಾರಿಸಿದ ನೆಲ ಇನ್ನೂ ಹಸಿ ಇತ್ತು. ಎರಡು ಮಣೆ, ಎರಡರ ಸುತ್ತಲೂ ರಂಗೋಲಿ. ಅದು ಶಿವಕಾಂತಾಳ ಕೈಯ ರಂಗೋಲಿ, ನೋಡಿದ ಕೂಡಲೇ ಗೊತ್ತಾಯಿತು. ಒಂದು ಮಣೆಯ ಮೇಲೆ ವೈಜಿನಾಥ ಹೊಸ ಧೋತರ ಉಟ್ಟು ಕುಂತಿದ್ದ. ತೊಳೆದ ಕಾಲು ಬೆಳ್ಳಗೆ ಕಾಣುತ್ತಿತ್ತು. ಇನ್ನೊಂದು ಖಾಲಿ ಇತ್ತು.

"ಮೊದಲ ಬಿಚ್ಚಿ ನೋಡೋಣು," ಅಂದ ವೈಜಿನಾಥ. "ಫುಲ್ ಅಂತ ಹೇಳಿ ರೆಡಿ ತುಂಬಿ ಕೊಡ್ತಾರ, ಭರೋಸಾ ಇಲ್ಲ."

ಮಾವನೂ ಅಳಿಯನೂ ಹಗ್ಗ ಕತ್ತರಿಸಿದರು. ಟಿವಿ ಹೊರಬಂತು. ಕರ್ರಗೆ ಮಿಂಚುವ ಗಾಜು. ಮಂದಿಯೆಲ್ಲ ಬಾಗಿ ತಮ್ಮ ತಮ್ಮ ಮುಖ ನೋಡಿಕೊಂಡರು. ವೈಜಿನಾಥ ಹಿಂದೆ ತೂತು ಎಣಿಸಿ, "ಬರೋಬ್ಬರಿ," ಅಂದ.

"ನೆಲ ಹಸಿ ಅದ, ಎಲ್ಲಿಡೋದ್ರಿ?" ಅಂದಳು ಮಹಾನಂದಾ.

ಶಿವರಾಜಪ್ಪ ಅತ್ತ ಇತ್ತ ನೋಡಿದರು. ಆಮೇಲೆ ಖಾಲಿ ಮಣೆ ತೋರಿಸಿ, "ಅದರ ಮ್ಯಾಲ ಇಡ್ರಿ," ಅಂದರು.

ಇಟ್ಟರು. ನಾಜೂಕಾಗಿ, ಇಬ್ಬರೂ ಒಂದೊಂದು ಕಡೆ ಹಿಡಿದು, ರಂಗೋಲಿ ಕೆಡದಂತೆ ಇಟ್ಟರು.

"ಏ ಶಿವರಾಜ!" ಮೂಲೆಯಿಂದ ಆಯಿ ಒದರಿದಳು. "ಅದು ಹುಡುಗನ ಮಣಿ ಅಲ್ಲೇನೋ? ಅವ ಎಲ್ಲಿ ಕೂಡಬೇಕು?"

"ಅವಗ ಚಾಪಿ ಹಾಸ್ತೇನ್ರಿ ಅತ್ತಿ," ಅಂದಳು ಗುಂಡಮ್ಮ. "ಚಾಪಿ ಮ್ಯಾಲ ಕುಂತ್ರ ಹೋಳಿಗಿ ಇಳಿಯಂಗಿಲ್ಲೇನು?"

ಯಾರೋ ನಕ್ಕರು. ಅಡುಗೆಮನೆಯ ಬಾಗಿಲಲ್ಲಿ ಶಿವಕಾಂತಾ ಲಟ್ಟಣಿಗೆ ಹಿಡಿದು ನಿಂತಿದ್ದಳು. ಗಂಡನ ಮುಖ ನೋಡಿದಳು. ಟಿವಿಯ ಕೆಳಗಿನ ಮಣೆ ನೋಡಿದಳು. ಒಳಗೆ ಹೋಗಿ ಒಲೆ ಆರಿಸಿದಳು. ಹಂಚಿನ ಮೇಲೆ ಹೋಳಿಗೆ ಅರ್ಧ ಬೆಂದೇ ಉಳಿಯಿತು.

ಮಡೆಪ್ಪನ ಬಾಯಿಗೆ ಬೈಗಳು ಒಂದರ ಹಿಂದೊಂದು ಬಂದವು. ಮಾವನಿಗೆ ಒಂದು, ಅತ್ತೆಗೆ ಒಂದು, ರೆಪ್ಪೆ ಎಣಿಸುವ ಗುಮಾಸ್ತನಿಗೆ ಎರಡು. ಹಲ್ಲು ಕಚ್ಚಿದ. ತಿರುಗಿ, ಹೊಸ್ತಿಲು ದಾಟಿ, ಚಪ್ಪಲಿಯಲ್ಲಿ ಕಾಲು ಹಾಕಿದ.

"ಏ ಮಡೆಪ್ಪ, ಎಲ್ಲಿ ಹೊಂಟಿ? ವೈರ್ ಜೋಡಸೋರು ಯಾರು?" ಅಂತ ಮಾವ ಒಳಗಿಂದಲೇ ಕೂಗಿದರು.

ಅವನು ಅಂಗಳ ದಾಟಿದ. ಮಕ್ಬೂಲ ದಾರಿ ಬಿಟ್ಟು ಸರಿದು ನಿಂತ. ಶಾಲುಬಾಯಿ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಓಣಿಯ ಮಂದಿಯೆಲ್ಲ ಟಿವಿ ಬಿಟ್ಟು ಹೊರಗೆ ನೋಡುತ್ತಿದ್ದರು. ಶಿವರಾಜಪ್ಪ ಹೊಸ್ತಿಲಿಗೆ ಓಡಿಬಂದರು, ಮಂದಿಯ ಮುಖ ನೋಡಿದರು, ದನಿ ತಗ್ಗಿಸಿದರು.

"ಅಳಿಯಾರ… ಎಲ್ಲಿ ಹೊಂಟ್ರಿ? ಬರ್ರಿ ಒಳಗ. ಮಣಿ ತೆಗೆದು ಕೊಡ್ತೇನಿ, ಬರ್ರಿ. ಅಳಿಯಾರ!"

ಮಡೆಪ್ಪನಿಗೆ ಕೇಳಿಸಿತು. ಇಡೀ ಓಣಿಗೆ ಕೇಳಿಸಿತು. ಅವನು ಹಿಂದೆ ನೋಡದೆ, ಬಿಸಿಲಲ್ಲಿ ಕಾಯ್ದ ಡಾಂಬರು ರಸ್ತೆ ಹಿಡಿದು, ಬಸ್ ನಿಲ್ದಾಣದ ಕಡೆ ನಡೆದ.